ಪ್ರವಚನ ಮುಗಿದ ಮೇಲೆ ಉಳಿಯುವುದೇನು?

ಶ್ರಾವಣ ಮಾಸ ಬಂದಿತೆಂದರೆ ಘಟಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಪ್ರವಚನದ ಕಾಲ ಬಂದಿತೆಂದೇ ಅರ್ಥ. ನಾವಿರುವ ಮಸಗುಪ್ಪಿಯಾಗಲಿ, ನೆರೆಯ ಧರ್ಮಟ್ಟಿ, ಪಟಗುಂದಿಗಳಾಗಲಿ ಇದಕ್ಕೆ ಹೊರತಲ್ಲ. ಹೊಲದ ಕೆಲಸ ತೀರಿಸಿ, ಕೈಕಾಲು ತೊಳೆದು, ವಿಭೂತಿ ಧರಿಸಿ ಹಿರಿಯರೂ ತಾಯಂದಿರೂ ಸಂಜೆ ಬಂದು ಕೂಡುತ್ತಾರೆ. ತಿಂಗಳು ಪರ್ಯಂತ ಶರಣರ ಚರಿತ್ರೆಯನ್ನು ಕೇಳುತ್ತಾರೆ, ತಲೆದೂಗುತ್ತಾರೆ, ಕೆಲವೊಮ್ಮೆ ಕಣ್ಣೊರೆಸಿಕೊಳ್ಳುತ್ತಾರೆ. ಮಂಗಲದ ದಿನ ಪ್ರಸಾದವಾಗುತ್ತದೆ. ಮರುದಿನ ಬೆಳಗಾದರೆ ಅಣ್ಣತಮ್ಮಂದಿರು ಹೊಲದ ಬದುವಿನ ಮೇಲೆ ನಿಂತು ಗೇಣು ನೆಲಕ್ಕಾಗಿ ಕೂಗಾಡುವುದು ಮತ್ತೆ ಕೇಳಿಬರುತ್ತದೆ.

ಇದು ಕೇಳುವವರ ತಪ್ಪು ಮಾತ್ರವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಪ್ರಶ್ನೆ ಅದಕ್ಕಿಂತ ಆಳವಾದುದು. ಕಿವಿಗೆ ಬಿದ್ದ ಒಳ್ಳೆಯ ಮಾತು ನಡತೆಯಾಗಿ ಇಳಿಯಲು ನಡುವೆ ಏನೋ ಒಂದು ಬೇಕಾಗಿದೆ. ಆ ನಡುವಿನ ವಸ್ತು ಯಾವುದು? ಮನುಷ್ಯನು ನಿಜವಾಗಿ ಬೆಳೆಯುವುದು ಹೇಗೆ? ಇಂದು ಪಟ್ಟಣಗಳಲ್ಲಿ ‘ವ್ಯಕ್ತಿತ್ವ ವಿಕಸನ’ ಎಂಬ ಹೆಸರಿನ ಶಿಬಿರಗಳು ನಡೆಯುತ್ತವೆ. ಸಾವಿರಾರು ರೂಪಾಯಿ ಕೊಟ್ಟು ಯುವಕರು ಹೋಗಿ ಬರುತ್ತಾರೆ. ಧೈರ್ಯವಾಗಿ ಮಾತನಾಡುವುದು, ಕೆಲಸ ಗಳಿಸುವುದು, ಮುಂದೆ ಬರುವುದು ಅಲ್ಲಿ ಕಲಿಸುವ ವಿದ್ಯೆ. ಅದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಪ್ರಾಚೀನ ದಾರ್ಶನಿಕರು ಬೆಳವಣಿಗೆ ಎಂಬ ಮಾತಿಗೆ ಬೇರೊಂದು ಅರ್ಥವನ್ನು ಕೊಟ್ಟಿದ್ದರು. ಆ ಅರ್ಥವನ್ನು ನಮ್ಮ ಮನೆಯ ಪಡಸಾಲೆಗೆ ತರಲು ಸಾಧ್ಯವೇ ಎಂಬುದೇ ಈ ಬರಹದ ವಿಚಾರ.

ದರ್ಶನವೆಂದರೆ ಅಭ್ಯಾಸ

ತತ್ತ್ವಶಾಸ್ತ್ರವೆಂದೊಡನೆ ನಮ್ಮ ಜನ ದೊಡ್ಡ ಗ್ರಂಥಗಳನ್ನು, ತಿಳಿಯದ ಶಬ್ದಗಳನ್ನು ನೆನೆದು ದೂರ ಸರಿಯುತ್ತಾರೆ. ಮೊದಲಿನ ತತ್ತ್ವಜ್ಞಾನಿಗಳು ಹೀಗಿರಲಿಲ್ಲ. ಗ್ರೀಸಿನ ಸಾಕ್ರಟೀಸನು ಕಲ್ಲುಕುಟಿಕನ ಮಗ. ಅವನ ತಾಯಿ ಸೂಲಗಿತ್ತಿಯಾಗಿದ್ದಳು. ಅವನು ಒಂದು ಪುಸ್ತಕವನ್ನೂ ಬರೆಯಲಿಲ್ಲ. ಅಥೆನ್ಸಿನ ಸಂತೆಯಲ್ಲಿ ನಿಂತು ಜನರನ್ನು ಪ್ರಶ್ನಿಸಿದನು. ಕ್ರಿಸ್ತಪೂರ್ವ 399ರಲ್ಲಿ ಆ ಪ್ರಶ್ನೆಗಳಿಗಾಗಿಯೇ ವಿಷದ ಬಟ್ಟಲನ್ನು ಕುಡಿದನು. ಅವನ ತರುವಾಯ ಬಂದ ಸ್ಟೋಯಿಕ್ ಪಂಥದ ಎಪಿಕ್ಟೆಟಸನು ಗುಲಾಮನಾಗಿದ್ದವನು, ಕಾಲು ಊನವಾಗಿದ್ದವನು. ಅವನೂ ಬರೆಯಲಿಲ್ಲ; ಅವನ ಉಪದೇಶವನ್ನು ಬರೆದಿಟ್ಟವನು ಶಿಷ್ಯನಾದ ಏರಿಯನ್. ತತ್ತ್ವವನ್ನು ಬಾಯಿಪಾಠ ಮಾಡಿ ಒಪ್ಪಿಸುವ ಶಿಷ್ಯರನ್ನು ಕಂಡರೆ ಎಪಿಕ್ಟೆಟಸನಿಗೆ ಸಮಾಧಾನವಿರಲಿಲ್ಲ. ಕುರಿಯು ತಾನು ಮೇದ ಹುಲ್ಲನ್ನು ಕುರುಬನ ಮುಂದೆ ತಂದು ತೋರಿಸುವುದಿಲ್ಲ, ಉಣ್ಣೆಯನ್ನೂ ಹಾಲನ್ನೂ ಕೊಡುತ್ತದೆ ಎಂಬ ಅರ್ಥದ ದೃಷ್ಟಾಂತವನ್ನು ಅವನು ಹೇಳುತ್ತಿದ್ದನು.

ಇದೇ ಮಾತನ್ನು ನಮ್ಮ ನಾಡು 12ನೆಯ ಶತಮಾನದಲ್ಲಿ ಬೇರೆ ರೀತಿಯಿಂದ ಕಂಡುಕೊಂಡಿತು. ಕಲ್ಯಾಣದ ಅನುಭವ ಮಂಟಪದಲ್ಲಿ ಕೂಡಿದವರು ಯಾರು? ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಕಟ್ಟಿಗೆ ಮಾರುವ ಮಾರಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ. ಅವರ ವಿಚಾರವು ಅವರ ಕೈಯ ಕೆಲಸದಿಂದ ಹುಟ್ಟಿತು, ಮರುದಿನ ಅದೇ ಕೆಲಸದಲ್ಲಿ ಪರೀಕ್ಷೆಗೆ ಒಳಗಾಯಿತು. ‘ಅನುಭವ’ ಎಂಬ ಹೆಸರೇ ಇದನ್ನು ಹೇಳುತ್ತದೆ. ಓಲೆಗರಿಗಳಲ್ಲಿ ಚದುರಿದ್ದ ಆ ವಚನಗಳನ್ನು ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಕೂಡಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಅಚ್ಚಾಯಿತೆಂಬುದು ಈ ಜಿಲ್ಲೆಯವರು ನೆನೆಯಬೇಕಾದ ಸಂಗತಿ.

ಗ್ರೀಕರ ಮಾತು ನಮಗೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಾವು ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರನ್ನು ತೋರಿಸುತ್ತೇವೆ. ಗ್ರೀಕ್ ತತ್ತ್ವಜ್ಞಾನವನ್ನು ಅವರು ಆಳವಾಗಿ ಅಭ್ಯಸಿಸಿದ್ದರು. ಉಪನಿಷತ್ತುಗಳ ಮೇಲೆ 1926ರಲ್ಲಿ ಅವರು ಪ್ರಕಟಿಸಿದ ಗ್ರಂಥವನ್ನು ವಿದ್ವಾಂಸರು ಇಂದಿಗೂ ಓದುತ್ತಾರೆ. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿ ಸ್ಥಾನದವರೆಗೆ ಏರಿದ ಆ ಮಹನೀಯರು ಕೊನೆಗೆ ನೆಲೆನಿಂತದ್ದು ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ. ಕನ್ನಡದ ಶರಣರ, ದಾಸರ ಹಾಡುಗಳಲ್ಲಿ ಅವರು ಅದೇ ಶೋಧವನ್ನು ಕಂಡರು. ಬಾವಿಗಳು ಬೇರೆಯಾದರೂ ಒಳಗಿನ ಸೆಲೆಯನ್ನು ಹುಡುಕುವವನಿಗೆ ಸಂಕೋಚವಿಲ್ಲ.

ಈ ಹಿರಿಯರಿಂದ ಕಲಿಯಬಹುದಾದ ಅಭ್ಯಾಸಗಳು ಅನೇಕ. ಗೃಹಸ್ಥರು ಇಂದೇ ತೊಡಗಬಹುದಾದ ಮೂರನ್ನು ಮಾತ್ರ ಇಲ್ಲಿ ವಿಚಾರಿಸೋಣ.

ಕೈಯಲ್ಲಿರುವುದು, ಕೈಮೀರಿದುದು

ಎಪಿಕ್ಟೆಟಸನ ಉಪದೇಶದ ಮೊದಲ ಪಾಠವೇ ಒಂದು ವಿಂಗಡಣೆ. ನಮ್ಮ ಅಭಿಪ್ರಾಯ, ನಮ್ಮ ಇಚ್ಛೆ, ನಮ್ಮ ಪ್ರಯತ್ನ ಇವು ನಮ್ಮ ಅಧೀನದಲ್ಲಿವೆ. ದೇಹದ ರೋಗ, ಸಂಪತ್ತು, ಇತರರ ಹೊಗಳಿಕೆ ತೆಗಳಿಕೆಗಳು ಪೂರ್ತಿಯಾಗಿ ನಮ್ಮ ಅಧೀನದಲ್ಲಿಲ್ಲ. ಈ ಎರಡನ್ನು ಕಲಸಿಕೊಂಡಲ್ಲಿಯೇ ಮನುಷ್ಯನ ದುಃಖದ ಬಹುಭಾಗ ಹುಟ್ಟುತ್ತದೆಂದು ಅವನು ತಿಳಿದಿದ್ದನು.

ಘಟಪ್ರಭೆಯ ದಂಡೆಯವರಿಗೆ ಈ ಪಾಠವನ್ನು ನದಿಯೇ ಕಲಿಸಿದೆ. 2019ರ ಆಗಸ್ಟ್ ತಿಂಗಳಲ್ಲಿ ಮಳೆ ಎಡೆಬಿಡದೆ ಸುರಿಯಿತು. ಸುಮಾರು 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಜಲಾಶಯ ತುಂಬಿ, ನದಿ ದಂಡೆ ಮೀರಿ, ಗೋಕಾಕ ಪಟ್ಟಣಕ್ಕೂ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ಮನೆಗಳು ಬಿದ್ದವು, ನಿಂತ ಕಬ್ಬು ಕೊಳೆಯಿತು. 2021ರಲ್ಲಿಯೂ ನದಿ ಉಕ್ಕಿತು. ನದಿಗೆ ಬರಬೇಡವೆಂದು ಹೇಳುವ ಶಕ್ತಿ ಯಾರಿಗಿತ್ತು? ಆದರೆ ದನಗಳ ಹಗ್ಗ ಬಿಚ್ಚುವುದು, ಮುದುಕರನ್ನು ಮೊದಲು ದಾಟಿಸುವುದು, ಶಾಲೆಯ ಕೋಣೆಯಲ್ಲಿ ಜಾತಿ ಕೇಳದೆ ಒಂದೇ ಒಲೆಯಲ್ಲಿ ಅಡಿಗೆ ಮಾಡಿ ಉಣ್ಣುವುದು ಜನರ ಕೈಯಲ್ಲಿತ್ತು. ಅಂಥ ದಿನಗಳಲ್ಲಿ ಜನರು ಯಾವ ಗ್ರಂಥವನ್ನೂ ಓದದೆ ದಾರ್ಶನಿಕರಾಗುತ್ತಾರೆ. ನೀರು ಇಳಿದ ಮೇಲೆ ಆ ವಿವೇಕವೂ ಇಳಿದುಹೋಗುವುದೇ ನಮ್ಮ ಕೊರತೆ.

ನಿತ್ಯದ ಸಂಸಾರದಲ್ಲಿ ಈ ವಿಂಗಡಣೆ ಎಲ್ಲಿ ಬೇಕಾಗುತ್ತದೆ? ಮಗನ ಪರೀಕ್ಷೆಯ ಫಲಿತಾಂಶ ಬಂದ ದಿನ ಬೇಕಾಗುತ್ತದೆ. ಬಂದ ಅಂಕ ಬಂದಾಗಿದೆ. ಅದನ್ನು ಬೈಗುಳದಿಂದ ಹೆಚ್ಚಿಸಲಾಗದು. ತಂದೆಯ ಕೈಯಲ್ಲಿರುವುದು ಆ ಸಂಜೆ ಮಗನ ಪಕ್ಕದಲ್ಲಿ ಕುಳಿತು ಉಣ್ಣುವುದು, ಮುಂದೇನು ಎಂದು ಶಾಂತವಾಗಿ ಕೇಳುವುದು. ಕಡಿಮೆ ಅಂಕ ಬಂದಿತೆಂದು ಪ್ರಾಣ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುತ್ತೇವೆ. ಅಂಥ ಸಂಜೆ ಮನೆಯವರು ಆಡುವ ನಾಲ್ಕು ಮಾತುಗಳು ಎಷ್ಟು ತೂಕದವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತತ್ತ್ವಶಾಸ್ತ್ರವು ಜೀವ ಉಳಿಸುವ ವಿದ್ಯೆಯೂ ಆಗಬಲ್ಲದು.

ಇದು ಹಣೆಬರಹವೆಂದು ಕೈಕಟ್ಟಿ ಕುಳಿತುಕೊಳ್ಳುವ ಮಾತಲ್ಲ. ರೋಮಿನ ಚಕ್ರವರ್ತಿ ಮಾರ್ಕಸ್ ಆರೇಲಿಯಸನು ಕ್ರಿಸ್ತಶಕ 161ರಿಂದ 180ರವರೆಗೆ ಆಳಿದನು. ಅವನ ಕಾಲದಲ್ಲಿ ಮಹಾಮಾರಿ ಹಬ್ಬಿತು, ಗಡಿಯಲ್ಲಿ ಯುದ್ಧ ನಡೆಯಿತು. ಹತ್ತಕ್ಕೂ ಹೆಚ್ಚು ಮಕ್ಕಳ ತಂದೆಯಾಗಿದ್ದ ಅವನು ಅವರಲ್ಲಿ ಬಹಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡನು. ದಂಡಿನ ಬಿಡಾರದಲ್ಲಿಯೂ ತನ್ನ ಮನಸ್ಸಿಗೆ ತಾನೇ ಹೇಳಿಕೊಂಡ ಮಾತುಗಳನ್ನು ಬರೆದಿಟ್ಟನು. ಬರೆದಿಟ್ಟು ಮಲಗಲಿಲ್ಲ, ಬೆಳಗಾದೊಡನೆ ರಾಜ್ಯದ ಹೊರೆಯನ್ನು ಮತ್ತೆ ಹೊತ್ತನು. ಕೈಮೀರಿದುದನ್ನು ಬಿಟ್ಟವನಿಗೆ ಕೈಯಲ್ಲಿರುವುದನ್ನು ಮಾಡಲು ಹೆಚ್ಚು ಬಲ ಉಳಿಯುತ್ತದೆ.

ರಾತ್ರಿಯ ಲೆಕ್ಕ

ಎರಡನೆಯದು ಆತ್ಮಾವಲೋಕನದ ಅಭ್ಯಾಸ. ರೋಮಿನ ಸೆನೆಕಾ ಎಂಬ ತತ್ತ್ವಜ್ಞಾನಿ ಕೋಪವನ್ನು ಕುರಿತು ಮೂರು ಭಾಗಗಳ ಒಂದು ಗ್ರಂಥ ಬರೆದನು. ಅದರ ಕೊನೆಯ ಭಾಗದಲ್ಲಿ ತನ್ನ ಮನೆಯ ಒಂದು ರೂಢಿಯನ್ನು ಹೇಳುತ್ತಾನೆ. ರಾತ್ರಿ ದೀಪವನ್ನು ತೆಗೆದ ಮೇಲೆ, ಅವನ ರೂಢಿಯನ್ನು ಬಲ್ಲ ಹೆಂಡತಿ ಮೌನವಾದ ಮೇಲೆ, ಅವನು ತನ್ನ ಇಡೀ ದಿನವನ್ನು ತಿರುಗಿ ನೋಡುತ್ತಿದ್ದನು. ಯಾರೊಡನೆ ಬಿರುಸಾಗಿ ಮಾತನಾಡಿದೆ, ಕಲಿಯಲಾರದವನೊಡನೆ ವ್ಯರ್ಥವಾಗಿ ವಾದಿಸಿದೆನೇ ಎಂದು ತನ್ನನ್ನೇ ವಿಚಾರಣೆಗೆ ನಿಲ್ಲಿಸುತ್ತಿದ್ದನು. ಏನನ್ನೂ ಮುಚ್ಚಿಡುತ್ತಿರಲಿಲ್ಲ. ಕೊನೆಗೆ ಈ ಬಾರಿ ಕ್ಷಮಿಸಿದ್ದೇನೆ, ಮತ್ತೆ ಮಾಡಬೇಡ ಎಂಬ ಅರ್ಥದ ಮಾತು ಹೇಳಿಕೊಂಡು ನಿದ್ರಿಸುತ್ತಿದ್ದನು. ಈ ಕ್ರಮವನ್ನು ಅವನು ತನಗಿಂತ ಹಿರಿಯನಾದ ಸೆಕ್ಸ್ಟಿಯಸ್ ಎಂಬವನಿಂದ ಕಲಿತಿದ್ದನು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಈ ಲೆಕ್ಕದಲ್ಲಿ ಕಟ್ಟುನಿಟ್ಟು ಇದೆ, ಕ್ರೌರ್ಯವಿಲ್ಲ. ತನ್ನನ್ನು ತಾನು ಹಳಿದುಕೊಂಡು ಕುಗ್ಗುವುದು ಆತ್ಮಾವಲೋಕನವಲ್ಲ. ಎರಡು, ಲೆಕ್ಕ ತೆಗೆಯುವುದು ತನ್ನದನ್ನು ಮಾತ್ರ. ನಮ್ಮ ಮನೆಗಳಲ್ಲಿ ರಾತ್ರಿಯ ಹೊತ್ತು ಲೆಕ್ಕ ನಡೆಯುವುದಿಲ್ಲವೆಂದಲ್ಲ. ಅತ್ತೆಯ ಲೆಕ್ಕವನ್ನು ಸೊಸೆಯೂ, ಸೊಸೆಯ ಲೆಕ್ಕವನ್ನು ಅತ್ತೆಯೂ, ತಮ್ಮನ ಲೆಕ್ಕವನ್ನು ಅಣ್ಣನೂ ತೆಗೆಯುತ್ತಾರೆ. ಖಾತೆ ಅದಲುಬದಲಾಗಿದೆ. ಲೋಕದ ಡೊಂಕನ್ನು ತಿದ್ದಹೊರಡುವ ಮೊದಲು ತನ್ನ ತನುಮನಗಳನ್ನು ಸಂತೈಸಿಕೊಳ್ಳಬೇಕೆಂಬ ಬಸವಣ್ಣನವರ ಎಚ್ಚರಿಕೆಯೂ ಇದೇ ದಿಕ್ಕಿನದು.

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ಮನೆತನಗಳಿಗೆ ಈ ಅಭ್ಯಾಸ ಹೊಸದಾಗಿ ತೋರಬಾರದು. ದೃಷ್ಟಿಯನ್ನು ಹೊರಗಿನಿಂದ ಒಳಕ್ಕೆ ತಿರುಗಿಸುವುದೇ ಆ ಪೂಜೆಯ ಮರ್ಮ. ಆದರೆ ನಮ್ಮ ಪೂಜೆ ಎಷ್ಟೋ ವೇಳೆ ಗಡಿಯಾರ ನೋಡಿಕೊಂಡು ಮುಗಿಯುತ್ತದೆ. ಪೂಜೆಯ ಕೊನೆಗೆ ಎರಡು ನಿಮಿಷ ನಿಂತು ‘ನಿನ್ನೆ ನನ್ನ ಮಾತಿನಿಂದ ಯಾರು ನೊಂದರು?’ ಎಂಬ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು. ಉತ್ತರ ಬಂದರೆ ಅಂದೇ ಆ ವ್ಯಕ್ತಿಯ ಬಳಿಗೆ ಹೋಗಿ ಒಂದು ಮೆತ್ತನೆಯ ಮಾತು ಆಡಬೇಕು. ಇಲ್ಲಿಯೇ ಸೆನೆಕಾನಿಗಿಂತ ಶರಣರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅವನ ವಿಚಾರಣೆ ಹಾಸಿಗೆಯ ಮೇಲೆ, ಕತ್ತಲೆಯಲ್ಲಿ ಮುಗಿಯಿತು. ಶರಣರ ವಿಚಾರಣೆ ಅನುಭವ ಮಂಟಪದಲ್ಲಿ, ಹತ್ತು ಜನರ ನಡುವೆ ನಡೆಯಿತು. ಅಲ್ಲಮಪ್ರಭುಗಳು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಕಂಡು ಬಿರುಸಾಗಿಯೇ ಪ್ರಶ್ನಿಸಿದರೆಂದು ಪರಂಪರೆ ಹೇಳುತ್ತದೆ. ಅಷ್ಟು ದೊಡ್ಡ ಪುಣ್ಯಕಾರ್ಯದೊಳಗೆ ಅಡಗಬಹುದಾದ ‘ನಾನು ಮಾಡಿದೆ’ ಎಂಬುದನ್ನು ತಾನೊಬ್ಬನೇ ಕುಳಿತು ಕಾಣುವುದು ಕಷ್ಟ. ಅದನ್ನು ತೋರಿಸಲು ನಿರ್ಭಯವಾಗಿ ಹೇಳುವ ಒಬ್ಬ ಸ್ನೇಹಿತನು ಬೇಕು. ಮನೆಯಲ್ಲಿ ಅಂಥ ಸ್ನೇಹಿತನ ಸ್ಥಾನವನ್ನು ಹೆಂಡತಿಗೋ ಮಗಳಿಗೋ ಕೊಟ್ಟ ಯಜಮಾನನು ಭಾಗ್ಯವಂತನು.

ಸಾಕು ಎಂಬ ಅರಿವು

ಮೂರನೆಯದು ಅತ್ಯಂತ ಕಠಿಣವಾದುದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಓದುಗರಿಗೆ ಪರಿಚಿತವೇ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ದಿನಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಅಡಿಗೆಗೆ ಏರಿಸಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದರು. ಈ ಕಥೆಯನ್ನು ಪ್ರವಚನಗಳಲ್ಲಿ ಕೇಳಿ ನಾವೆಲ್ಲ ಮೆಚ್ಚುತ್ತೇವೆ. ಆದರೆ ಅದರ ಸೂಕ್ಷ್ಮ ಎಲ್ಲಿದೆ? ಅಕ್ಕಿ ಕಳವಿನದಲ್ಲ. ಯಾರೂ ತಡೆದಿರಲಿಲ್ಲ. ಆದರೂ ನಾಳೆಗೆಂದು ಕೂಡಿಡುವ ಆಸೆಯ ಮೊದಲ ಹೆಜ್ಜೆಯನ್ನು ಆ ತಾಯಿ ಗುರುತಿಸಿದರು. ದುರಾಸೆ ದೊಡ್ಡದಾದ ಮೇಲೆ ಗುರುತಿಸುವವರು ಊರೆಲ್ಲ ಇರುತ್ತಾರೆ. ಅದು ಒಂದು ಹಿಡಿ ಅಕ್ಕಿಯಷ್ಟಿರುವಾಗ ಗುರುತಿಸಲು ಲಕ್ಕಮ್ಮನವರ ಕಣ್ಣು ಬೇಕು.

ನಮ್ಮ ಸಮಾಜದಲ್ಲಿ ಈ ಕಣ್ಣು ಎಲ್ಲಿ ಬೇಕಾಗಿದೆಯೆಂದರೆ ಮೊದಲು ಮದುವೆಯ ಮಂಟಪದಲ್ಲಿ. ನೆರೆಯವರು ಇಷ್ಟು ಜನರಿಗೆ ಊಟ ಹಾಕಿದರು, ನಾವು ಅದಕ್ಕಿಂತ ಹೆಚ್ಚು ಹಾಕಬೇಕೆಂಬ ಹಟಕ್ಕೆ ಎರಡೆಕರೆ ಹೊಲ ಅಡವಿಡುವವರು ಇದ್ದಾರೆ. ಊಟ ಒಂದು ಹೊತ್ತಿನದು, ಬಡ್ಡಿ ಹತ್ತು ವರ್ಷದ್ದು. ಮಗಳ ಮದುವೆಯ ಸಾಲವನ್ನು ಮಗನ ಓದಿನಿಂದ ಕಡಿದು ತೀರಿಸಿದ ಮನೆಗಳನ್ನು ನಾವು ಕಂಡಿದ್ದೇವೆ. ಆ ಮನೆಗಳಲ್ಲಿ ಮದುವೆಯ ಮಾತುಕತೆಯ ದಿನ ಒಬ್ಬರಾದರೂ ‘ಇಷ್ಟು ಸಾಕು’ ಎಂದು ಗಟ್ಟಿಯಾಗಿ ಹೇಳಿದ್ದರೆ ಅದೇ ದೊಡ್ಡ ತತ್ತ್ವೋಪದೇಶವಾಗುತ್ತಿತ್ತು. ಸಾಮೂಹಿಕ ವಿವಾಹಗಳನ್ನು ನಡೆಸುವ ಮಠಗಳು ಈ ಮಾತನ್ನು ಆಚರಣೆಯಲ್ಲಿ ತೋರಿಸುತ್ತಿವೆ. ಉಳ್ಳವರೂ ತಮ್ಮ ಮಕ್ಕಳನ್ನು ಅಲ್ಲಿ ಕೂಡಿಸಿದಾಗ ಮಾತ್ರ ಅದರ ಗೌರವ ಪೂರ್ತಿಯಾಗುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ‘ಸಾಕು’ ಎಂಬುದು ತನಗೆ ತಾನು ಹೇಳಿಕೊಳ್ಳುವ ಮಾತು. ಅದನ್ನು ಉಳ್ಳವನು ಇಲ್ಲದವನಿಗೆ ಹೇಳಿದರೆ ತತ್ತ್ವವು ದಬ್ಬಾಳಿಕೆಯಾಗುತ್ತದೆ. ಲಕ್ಕಮ್ಮನವರು ತಮ್ಮ ಗಡಿಗೆಯ ಅಕ್ಕಿಯನ್ನು ಅಳೆದರು, ನೆರೆಮನೆಯ ಗಡಿಗೆಗೆ ಇಣುಕಲಿಲ್ಲ. 2025ರ ಅಕ್ಟೋಬರ್ ಕೊನೆಗೆ ನಮ್ಮ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೆಲೆ ಬೇಕೆಂದು ರಸ್ತೆಯಲ್ಲಿ ಕುಳಿತರು. ಹಗಲು ರಾತ್ರಿ ಅಲ್ಲಿಯೇ ಉಂಡು ಮಲಗಿದರು. ನವೆಂಬರ್ 7ರಂದು ಸರ್ಕಾರವು 3,300 ರೂಪಾಯಿಯ ನಿರ್ಧಾರವನ್ನು ಪ್ರಕಟಿಸಿತು. ಆಗ ಕೆಲವರು, ಇದ್ದುದರಲ್ಲಿ ತೃಪ್ತಿ ಪಡಬೇಕೆಂದು ಶರಣರು ಹೇಳಲಿಲ್ಲವೇ ಎಂದು ಕೇಳಿದ್ದುಂಟು. ಶರಣರು ಹಾಗೆ ಹೇಳಲಿಲ್ಲ. ದುಡಿದ ಕೈಗೆ ಅದರ ಫಲ ಸಲ್ಲಬೇಕೆಂಬುದು ಕಾಯಕತತ್ತ್ವದ ಅರ್ಧಭಾಗವೇ ಆಗಿದೆ. ಹಕ್ಕಿನ ಬೆಲೆಯನ್ನು ಕೇಳುವುದು ಆಸೆಯಲ್ಲ, ನ್ಯಾಯ. ಅದೇ ನ್ಯಾಯವನ್ನು ಬೆಳೆಗಾರನು ತನ್ನ ಹೊಲದಲ್ಲಿ ಕಬ್ಬು ಕಡಿಯುವ ಕೂಲಿಯವರಿಗೂ ಸಲ್ಲಿಸಬೇಕು. ಆಗ ಲೆಕ್ಕ ಸರಿಹೋಗುತ್ತದೆ.

ಈ ಮಾತಿನಲ್ಲಿ ಸೆನೆಕಾನ ಬದುಕೂ ಒಂದು ಪಾಠವೇ. ಬಡತನದ ಅಭ್ಯಾಸವನ್ನು ಕುರಿತು ಸೊಗಸಾಗಿ ಬರೆದ ಅವನು ಸ್ವತಃ ಅಪಾರ ಶ್ರೀಮಂತನಾಗಿದ್ದನು. ನೀರೋ ಎಂಬ ಕ್ರೂರ ದೊರೆಯ ಗುರುವೂ ಮಂತ್ರಿಯೂ ಆಗಿದ್ದನು. ಕೊನೆಗೆ ಕ್ರಿಸ್ತಶಕ 65ರಲ್ಲಿ ಆ ಶಿಷ್ಯನ ಆಜ್ಞೆಯಿಂದಲೇ ಪ್ರಾಣ ಬಿಡಬೇಕಾಯಿತು. ಅವನ ಮಾತಿಗೂ ಬದುಕಿಗೂ ನಡುವಿನ ಅಂತರವನ್ನು ಅವನ ಕಾಲದವರೇ ಎತ್ತಿ ಆಡಿದ್ದರು. ಅದಕ್ಕಾಗಿ ಅವನ ಒಳ್ಳೆಯ ಮಾತನ್ನು ಎಸೆಯಬೇಕಾಗಿಲ್ಲ. ಆದರೆ ನುಡಿ ನಡೆಗಳು ಒಂದಾದ ಬದುಕನ್ನು ಕಂಡಾಗ ಮನಸ್ಸು ಮಣಿಯುವಂತೆ ಅಂತರವಿದ್ದ ಬದುಕಿಗೆ ಮಣಿಯುವುದಿಲ್ಲ.

ಅಂಥ ಒಂದು ಬದುಕನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ಜೇಬಿಲ್ಲದ ಬಿಳಿ ಅಂಗಿಯನ್ನು ತೊಡುತ್ತಿದ್ದರು. ಇಡಲು ಏನೂ ಇಲ್ಲದವರಿಗೆ ಜೇಬು ಏತಕ್ಕೆ? 2018ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಪ್ರಶಸ್ತಿ ಘೋಷಿಸಿದಾಗ ವಿನಯದಿಂದಲೇ ಬೇಡವೆಂದರು. ತಮ್ಮ ದೇಹಕ್ಕೆ ಅಗ್ನಿಸಂಸ್ಕಾರ ಮಾಡಬೇಕು, ಸ್ಮಾರಕ ಕಟ್ಟಬಾರದು, ಚಿತಾಭಸ್ಮವನ್ನು ನೀರಿಗೆ ಬಿಡಬೇಕೆಂದು 2014ರಲ್ಲಿಯೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಜನ ಕೂಡಿದರು, ಅವರ ಇಚ್ಛೆಯಂತೆಯೇ ಎಲ್ಲವೂ ನಡೆಯಿತು. ಅವರ ಪ್ರವಚನಗಳನ್ನು ಮರೆತವರೂ ಆ ಜೇಬಿಲ್ಲದ ಅಂಗಿಯನ್ನು ಮರೆತಿಲ್ಲ.

ಮನೆಯಲ್ಲಿ ತೊಡಗುವುದು ಹೇಗೆ?

ಪತಂಜಲಿ ಮಹರ್ಷಿಗಳು ಮನಸ್ಸಿನ ನಿಗ್ರಹಕ್ಕೆ ಅಭ್ಯಾಸ, ವೈರಾಗ್ಯ ಎಂಬ ಎರಡು ಸಾಧನಗಳನ್ನು ಹೇಳಿದರು. ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಯಬೇಕೆಂದರು. ಮಾತಿಗೂ ನಡತೆಗೂ ನಡುವೆ ಬೇಕಾದ ವಸ್ತು ಯಾವುದೆಂದು ಮೊದಲಲ್ಲಿ ಕೇಳಿದ್ದಕ್ಕೆ ಇದೇ ಉತ್ತರ. ಹತ್ತು ನೇಮಗಳನ್ನು ಒಮ್ಮೆಗೇ ಹಿಡಿದವನು ಹದಿನೈದು ದಿನದಲ್ಲಿ ಹತ್ತನ್ನೂ ಬಿಡುತ್ತಾನೆ. ಒಂದನ್ನು ಹಿಡಿದವನು ಬಿಡುವುದಿಲ್ಲ.

ಆದ್ದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಚಿಕ್ಕದು. ಮೊದಲ ತಿಂಗಳು ವಿಂಗಡಣೆಯ ಅಭ್ಯಾಸ ಮಾಡಿರಿ. ಚಿಂತೆ ಬಂದಾಗ ‘ಇದರಲ್ಲಿ ನನ್ನ ಕೈಯಲ್ಲಿರುವುದೆಷ್ಟು?’ ಎಂದು ಕೇಳಿ, ಅಷ್ಟನ್ನು ಅಂದೇ ಮಾಡಿರಿ. ಎರಡನೆಯ ತಿಂಗಳು ಅದಕ್ಕೆ ರಾತ್ರಿಯ ಲೆಕ್ಕವನ್ನು ಸೇರಿಸಿರಿ. ಮಲಗುವ ಮುನ್ನ ಮೊಬೈಲನ್ನು ಬದಿಗಿಟ್ಟು ಐದು ನಿಮಿಷ ಕೊಟ್ಟರೆ ಸಾಕು. ಮೂರನೆಯ ತಿಂಗಳು ಮನೆಯವರೆಲ್ಲ ಕೂಡಿ ಕುಳಿತು, ಯಾವುದಾದರೂ ಒಂದು ವಿಷಯದಲ್ಲಿ ‘ನಮಗೆ ಇಷ್ಟು ಸಾಕು’ ಎಂದು ತೀರ್ಮಾನಿಸಿರಿ. ಅದು ಮದುವೆಯ ಖರ್ಚಾಗಬಹುದು, ಹೊಸ ವಾಹನವಾಗಬಹುದು, ಬದುವಿನ ಆಚೆಗಿನ ಒಂದು ಗೇಣು ನೆಲವೂ ಆಗಬಹುದು. ಉಳಿದುದರಲ್ಲಿ ಸ್ವಲ್ಪವನ್ನು ದಾಸೋಹಕ್ಕೆ, ಇಲ್ಲವೆ ಬಡ ಹುಡುಗಿಯೊಬ್ಬಳ ಓದಿಗೆ ಸಲ್ಲಿಸಿರಿ. ಉಳಿಸಿದ್ದು ಹಂಚಿಕೆಯಾಗದಿದ್ದರೆ ಅದು ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿಯಂತೆಯೇ ಮನೆಯಲ್ಲಿ ಕುಳಿತಿರುತ್ತದೆ.

ಮಕ್ಕಳಿಗೆ ಇದನ್ನು ಉಪದೇಶಿಸುವ ಅವಸರ ಬೇಡ. ಅವರು ಕಿವಿಗಿಂತ ಕಣ್ಣಿನಿಂದ ಹೆಚ್ಚು ಕಲಿಯುತ್ತಾರೆ. ಕೋಪ ಬಂದ ಅಪ್ಪನು ಒಂದು ಗಳಿಗೆ ಸುಮ್ಮನಾದುದನ್ನು, ಅವ್ವನು ಕೂಲಿಯವಳಿಗೆ ತಾನುಣ್ಣುವ ಗಂಗಾಳದಲ್ಲಿಯೇ ರೊಟ್ಟಿ ಬಡಿಸಿದುದನ್ನು, ಕಾಕಾನು ತಾನೇ ಮುಂದಾಗಿ ಬದುವಿನ ಜಗಳವನ್ನು ಬಿಟ್ಟುದನ್ನು ಕಂಡ ಮಗುವಿಗೆ ಸಾಕ್ರಟೀಸನೂ ಲಕ್ಕಮ್ಮನವರೂ ಮುಂದೆ ಪುಸ್ತಕದಲ್ಲಿ ಸಿಕ್ಕಾಗ ಹಳೆಯ ಪರಿಚಯದವರಂತೆ ತೋರುತ್ತಾರೆ. ಪ್ರವಚನವು ತಿಂಗಳಿಗೆ ಮುಗಿಯಲಿ. ಅದರಲ್ಲಿ ಒಂದು ಮಾತಾದರೂ ಹೊಸ್ತಿಲು ದಾಟಿ ಒಳಗೆ ಬರಲಿ.